ಪರಾಗ್ವೆಯಲ್ಲಿ ಗ್ವಾರಾನಿ ಯಾರ ಮಾತು?

ಪ್ರಶ್ನೆ: ದಕ್ಷಿಣ ಅಮೆರಿಕದ ಪರಾಗ್ವೆಯಲ್ಲಿ ಮೂಲನಿವಾಸಿಗಳು ನೂರಕ್ಕೆ ಎರಡರಷ್ಟು ಮಾತ್ರವಂತೆ. ಆದರೂ ದೇಶದ ಹೆಚ್ಚಿನವರಿಗೆ ಅವರ ಗ್ವಾರಾನಿ ಭಾಷೆ ಬರುತ್ತದಂತೆ. ಈ ಲೆಕ್ಕ ಹೇಗೆ ಸರಿಹೋಗುತ್ತದೆ?

ಉತ್ತರ: ಲೆಕ್ಕ ಸರಿಯಾಗಿಯೇ ಇದೆ. ಸ್ಪೇನಿನವರು 1537ರಲ್ಲಿ ಅಸುನ್ಸಿಯಾನ್ (ಇಂದಿನ ರಾಜಧಾನಿ) ಕಟ್ಟಿದಾಗ ಇದ್ದವರು ಕೆಲವೇ ನೂರು ಮಂದಿ, ಅವರೂ ಹೆಚ್ಚುಕಡಿಮೆ ಎಲ್ಲ ಗಂಡಸರೇ. ಗ್ವಾರಾನಿ ಹೆಂಗಸರಲ್ಲಿ ಕೆಲವರನ್ನು ನೆಂಟಸ್ತಿಕೆಯಿಂದ, ಹಲವರನ್ನು ಬಲವಂತದಿಂದ ಮನೆಗೆ ತಂದುಕೊಂಡರು. ಇದನ್ನು ಪ್ರೇಮದ ಬೆಸುಗೆ ಎಂದು ಬಣ್ಣಿಸುವವರಿದ್ದಾರೆ, ನನಗೆ ನಂಬಿಕೆಯಿಲ್ಲ. ಹುಟ್ಟಿದ ಮಕ್ಕಳಿಗೆ ಹೆಸರು ಅಪ್ಪನದು, ಮಾತು ಅವ್ವನದು. ಚಿನ್ನವಿಲ್ಲದ, ಕಡಲಿಲ್ಲದ ಆ ಸೀಮೆಗೆ ಹೊಸಬರು ಬಂದದ್ದೂ ಕಡಿಮೆ. ಹೀಗೆ ಅವ್ವನ ಮಾತೇ ಊರಿನ ಮಾತಾಯಿತು. ಜೆಸ್ವಿಟ್ ಪಾದ್ರಿಗಳೂ ಗ್ವಾರಾನಿಯಲ್ಲೇ ಬೋಧಿಸಿದರು; ಅವರಲ್ಲೊಬ್ಬರಾದ ರುಯಿಸ್ ದೆ ಮೊಂತೋಯಾ 1639ರಲ್ಲಿ ಮ್ಯಾಡ್ರಿಡ್‌ನಲ್ಲಿ ಅದರ ನಿಘಂಟು ಅಚ್ಚು ಹಾಕಿಸಿದರು.

ಎರಡನೆಯ ತಿರುವು 1848ರದು. ಅಧ್ಯಕ್ಷ ಕಾರ್ಲೋಸ್ ಆಂಟೋನಿಯೊ ಲೋಪೆಸ್ ಹೊರಡಿಸಿದ ಆಜ್ಞೆಯಂತೆ 'ಇಂಡಿಯನ್ ಊರು'ಗಳು, ಅಂದರೆ ಮೂಲನಿವಾಸಿಗಳಿಗೆಂದೇ ಇದ್ದ ಊರುಗಳು, ರದ್ದಾದವು. ಅಲ್ಲಿದ್ದವರು ನಾಗರಿಕರಾದರು, ಅವರ ಭೂಮಿ ಸರ್ಕಾರದ್ದಾಯಿತು. ಅಂದಿನಿಂದ ಅವರ ಮಕ್ಕಳು ಮೊಮ್ಮಕ್ಕಳು ಮೂಲನಿವಾಸಿಗಳ ಪಟ್ಟಿಯಲ್ಲಿಲ್ಲ, ಬರೀ ಪರಾಗ್ವೆಯವರು. ಪಟ್ಟಿಯಿಂದ ಜನ ಹೋದರು, ಮಾತು ಹೋಗಲಿಲ್ಲ.

ಹಾಗೆಂದು ಗ್ವಾರಾನಿಗೆ ಮರ್ಯಾದೆ ಸಿಕ್ಕಿತೆಂದಲ್ಲ. ಶಾಲೆಯಲ್ಲಿ ಅದನ್ನಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಬೊಲಿವಿಯಾದೊಂದಿಗೆ 1932ರಿಂದ 1935ರವರೆಗೆ ನಡೆದ ಚಾಕೊ ಯುದ್ಧದಲ್ಲಿ ಮಾತ್ರ, ಶತ್ರುವಿಗೆ ಅರ್ಥವಾಗದಿರಲೆಂದು, ಸೇನೆಗೆ ಅದೇ ಬೇಕಾಯಿತು! ಸ್ಪ್ಯಾನಿಷ್ ಜೊತೆಗೆ ಅಧಿಕೃತ ಭಾಷೆಯಾದದ್ದು 1992ರ ಸಂವಿಧಾನದಲ್ಲಿ.

ಭಾಷೆಯ ರುಚಿಯನ್ನೂ ಸ್ವಲ್ಪ ನೋಡಿ. ಗ್ವಾರಾನಿಯಲ್ಲಿ 'ಚೆ ರೋಗ' ಎಂದರೆ 'ನನ್ನ ಮನೆ', ಗಾಬರಿ ಬೇಡ. 'ಞಾಂದೆ ರೋಗ' ಎಂದರೆ ಕೇಳುತ್ತಿರುವ ನಿಮ್ಮನ್ನೂ ಸೇರಿಸಿಕೊಂಡ ನಮ್ಮ ಮನೆ, 'ಒರೆ ರೋಗ' ಎಂದರೆ ನಿಮ್ಮನ್ನು ಬಿಟ್ಟು ನಮ್ಮದು. ತುಳುವಿನ 'ನಮ', 'ಎಂಕುಳು' ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಇನ್ನು ಪೇಟೆಯಲ್ಲಿ ಕೇಳಿಸುವುದು ಹೆಚ್ಚಾಗಿ ಸ್ಪ್ಯಾನಿಷ್ ಬೆರೆತ ಗ್ವಾರಾನಿ. ಅದರ ಹೆಸರು 'ಜೊಪರಾ'. ಸ್ಪ್ಯಾನಿಷ್ ಕ್ರಿಯಾಪದ 'ತ್ರಬಾಹಾರ್' ತೆಗೆದುಕೊಂಡು, ಮುಂದೆ ಗ್ವಾರಾನಿಯ 'ಅ' ಹಚ್ಚಿ 'ಅತ್ರಬಾಹಾ' ಎಂದರೆ 'ಕೆಲಸ ಮಾಡುತ್ತೇನೆ' ಎಂದಾಯಿತು. ನಾವು 'ಅಡ್ಜಸ್ಟ್ ಮಾಡಿ' ಎನ್ನುವುದಿಲ್ಲವೇ, ಹಾಗೆ. ಜೊಪರಾ ಎಂಬುದು ಅಕ್ಟೋಬರ್ 1ರಂದು ಅಲ್ಲಿ ಮನೆಮನೆಯಲ್ಲಿ ಬೇಯಿಸುವ ಕಾಳು, ಮೆಕ್ಕೆಜೋಳದ ಅಡುಗೆಯ ಹೆಸರೂ ಹೌದು. ಅಂದು ಕರಾಯಿ ಅಕ್ಟೂಬ್ರೆ ಎಂಬ ಹುಲ್ಲುಟೊಪ್ಪಿಗೆಯ ಕುಳ್ಳ ಬಂದು ಪಾತ್ರೆ ಇಣುಕುತ್ತಾನೆ, ಅದು ಖಾಲಿಯಿದ್ದರೆ ಆ ವರ್ಷವೆಲ್ಲ ದಾರಿದ್ರ್ಯ ಎಂಬ ನಂಬಿಕೆ.

ಇನ್ನು ನೀವು ಹೇಳಿದ ಆ ಎರಡರಷ್ಟು ಜನ. ಅವರಲ್ಲಿ 19 ಸಮುದಾಯಗಳಿವೆ, ಐದು ಭಾಷಾ ಕುಟುಂಬಗಳಿವೆ. ಗ್ವಾರಾನಿ ಕುಟುಂಬ ಅವುಗಳಲ್ಲಿ ಒಂದು ಮಾತ್ರ. ಅದರೊಳಗಿನ ಎಂಬ್ಯಾ ಜನರ ನುಡಿಯೂ ಅಸುನ್ಸಿಯಾನ್‌ನ ನುಡಿಯಂತಿಲ್ಲ. ದೇಶದ ಪಶ್ಚಿಮದ ಚಾಕೊ ಸೀಮೆಯ ಗ್ವಾನಾ ಭಾಷೆ ಬಲ್ಲ ಹಿರಿಯರು ಉಳಿದಿರುವುದು ಬೆರಳೆಣಿಕೆಯಷ್ಟು. ಅವರ ಮಕ್ಕಳು ಮನೆಮಾತನ್ನು ಬಿಟ್ಟದ್ದು ಸ್ಪ್ಯಾನಿಷ್‌ಗಾಗಿ ಅಲ್ಲ, ಗ್ವಾರಾನಿಗಾಗಿ.