ಕಿಟ್ ಸರಿಯಾಗಿಯೇ ಅಂಟಿಸಿದೆ, ಆದರೂ ನನ್ನ ನ್ಯಾಟ್ ನಿಜವಾದ ನ್ಯಾಟ್‌ನಂತೆ ಯಾಕೆ ಕಾಣುತ್ತಿಲ್ಲ?

ಪ್ರಶ್ನೆ: ನಾನು ನ್ಯಾಟ್ ಜೆಟ್ ವಿಮಾನದ ಒಂದು ಪ್ಲಾಸ್ಟಿಕ್ ಮಾಡೆಲ್ ಕಿಟ್ ಕಟ್ಟಿದೆ, 1/72 ಸ್ಕೇಲಿನದು, ಅಂದರೆ ನಿಜದ ವಿಮಾನದ 72ನೇ ಒಂದು ಭಾಗದಷ್ಟು. ಪುಸ್ತಿಕೆಯಲ್ಲಿ ಹೇಳಿದಂತೆಯೇ ಅಂಟಿಸಿ, ಬೆಳ್ಳಿ ಬಣ್ಣ ಹೊಡೆದು, ನಮ್ಮ ವಾಯುಪಡೆಯ ಗುರುತು ಹಾಕಿದೆ. ನೋಡುವುದಕ್ಕೆ ಚೆನ್ನಾಗಿಯೇ ಇದೆ. ಆದರೆ 1965ರ ಭಾರತ-ಪಾಕಿಸ್ತಾನ ಯುದ್ಧದ ಫೋಟೋಗಳ ಪಕ್ಕ ಇಟ್ಟರೆ ಏನೋ ಬೇರೆ ಅನ್ನಿಸುತ್ತದೆ. ಎಲ್ಲಿ ತಪ್ಪಿದೆ? ನಿಖರವಾದ ಮಾಡೆಲ್ ಮಾಡುವುದು ಹೇಗೆ?

ಉತ್ತರ: ಮೊದಲು ಒಂದು ಮಾತು ಕೇಳುತ್ತೇನೆ. ನಿಮ್ಮ ಮಾಡೆಲ್‌ನಲ್ಲಿ ಎಷ್ಟು ಸೀಟಿದೆ?

ಎರಡು ಇದ್ದರೆ ಉತ್ತರ ಅಲ್ಲೇ ಸಿಕ್ಕಿತು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ನ್ಯಾಟ್ ಅಂದರೆ ಏರ್‌ಫಿಕ್ಸ್ ಅನ್ನುವ ಕಿಟ್ ಕಂಪನಿಯವರ ನ್ಯಾಟ್ ಟಿ.1. ಅದು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ತರಬೇತಿಗೆ ಬಳಸಿದ ಎರಡು ಸೀಟಿನ ವಿಮಾನ. ಅದೇ ಪಡೆಯ ವೈಮಾನಿಕ ಕಸರತ್ತಿನ ರೆಡ್ ಆ್ಯರೋಸ್ ತಂಡ 1965ರಿಂದ 1979ರವರೆಗೆ ಹಾರಿಸಿದ್ದು ಅದನ್ನೇ. ನಮ್ಮ ವಾಯುಪಡೆಯ ನ್ಯಾಟ್ ಬೇರೆ. ಅದು ಎಫ್.1, ಒಂದೇ ಸೀಟಿನ ಫೈಟರ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಪರವಾನಗಿ ಪಡೆದು ಕಟ್ಟಿದ್ದು ಇದನ್ನು.

ನಾನೂ ಇದೇ ತಪ್ಪು ಮಾಡಿದ್ದೆ. ಟಿ.1 ತಂದು, ತಿಂಗಳುಗಟ್ಟಲೆ ಕೂತು, ಕೇಸರಿ-ಬಿಳಿ-ಹಸಿರು ವೃತ್ತ ಅಂಟಿಸಿ ಟಿವಿ ಪಕ್ಕ ಇಟ್ಟಿದ್ದೆ. ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾಗಿದ್ದ ಪಕ್ಕದ ಮನೆಯ ಹಿರಿಯರು ಒಂದು ಸಂಜೆ ಬಂದರು. ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಕೆಲಸ ನೀಟಾಗಿದೆ ಕಣಪ್ಪಾ. ಆದ್ರೆ ನಾವು ಮಾಡ್ತಿದ್ದ ನ್ಯಾಟ್‌ಗೆ ಒಂದೇ ಸೀಟು" ಅಂದರು. ಅವರು ತಮ್ಮ ಕೈಯಿಂದ ಮುಟ್ಟಿದ ವಿಮಾನ ಅದು. ಅವತ್ತಿನಿಂದ ನನಗೆ ಈ ನಿಖರತೆ ಅನ್ನುವುದು ಸುಮ್ನೆ ಹವ್ಯಾಸದ ಮಾತಾಗಿ ಉಳಿಯಲಿಲ್ಲ.

ಒಂದು ಸೀಟು ತೆಗೆದುಬಿಟ್ಟರೆ ಆಯಿತಲ್ಲ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಎಫ್.1ರ ರೆಕ್ಕೆಯ ತುದಿಯಿಂದ ತುದಿಗೆ 6.73 ಮೀಟರ್, ಉದ್ದ 8.74 ಮೀಟರ್. ಟಿ.1ರ ರೆಕ್ಕೆ 7.32 ಮೀಟರ್, ಉದ್ದ 9.68 ಮೀಟರ್. ಇವನ್ನು 72ರಿಂದ ಭಾಗಿಸಿ. ಎಫ್.1 ಮಾಡೆಲ್‌ನ ರೆಕ್ಕೆ 93.5 ಮಿಲಿಮೀಟರ್ ಬರಬೇಕು, ಟಿ.1ರದ್ದು ಸುಮಾರು 102. ಉದ್ದದಲ್ಲಿ 121ಕ್ಕೂ 134ಕ್ಕೂ ಇರುವಷ್ಟು ಅಂತರ. ರೆಕ್ಕೆಯೇ ಬೇರೆ, ಮೈಯೇ ಬೇರೆ. ಅಂಗೈ ಅಗಲದ ಮಾಡೆಲ್‌ನಲ್ಲಿ 13 ಮಿಲಿಮೀಟರ್ ಅಂದರೆ ಬಹಳ ಜಾಸ್ತಿ.

ಈ ಭಾಗಾಕಾರವೇ ನಿಖರತೆಯ ಮೊದಲ ಹೆಜ್ಜೆ. ಯಾವ ಕಿಟ್ ತಂದರೂ ಅಂಟು ಮುಟ್ಟುವ ಮೊದಲು ಸ್ಕೇಲು ಹಿಡಿದು ಅಳೆಯಿರಿ. ಉದ್ದಕ್ಕಿಂತ ರೆಕ್ಕೆಯ ಅಳತೆಯನ್ನು ಜಾಸ್ತಿ ನಂಬಿ. ಯಾಕೆಂದರೆ ಹಲವು ಜೆಟ್‌ಗಳ ಮೂಗಿನ ಮುಂದೆ ವೇಗ ಅಳೆಯುವ ಪಿಟೋ ಕೊಳವೆ ಚಾಚಿಕೊಂಡಿರುತ್ತದೆ. ಕೆಲವು ಪುಸ್ತಕಗಳು ಅದನ್ನು ಸೇರಿಸಿ ಉದ್ದ ಹೇಳುತ್ತವೆ, ಕೆಲವು ಬಿಟ್ಟು ಹೇಳುತ್ತವೆ.

ನಮ್ಮ ನ್ಯಾಟ್ ಬೇಕಾದರೆ 1/72ರಲ್ಲಿ ಚೆಕ್ ದೇಶದ ಸ್ಪೆಷಲ್ ಹಾಬಿಯವರ ಎಫ್.1 ಕಿಟ್ ಇದೆ. ಅವರೇ ಅಜೀತ್ ಕಿಟ್ ಕೂಡ ತಂದಿದ್ದಾರೆ. ಇಲ್ಲಿ ಇನ್ನೊಂದು ಎಚ್ಚರ ಬೇಕು. ಅಜೀತ್ ಅಂದರೆ ನ್ಯಾಟ್ ಅನ್ನೇ ಎಚ್‌ಎಎಲ್ ಸುಧಾರಿಸಿ ಕಟ್ಟಿದ ವಿಮಾನ. ಮೊದಲು ಹಾರಿದ್ದು 1975ರಲ್ಲಿ. ಇಂಧನ ತುಂಬುವ ಜಾಗ ರೆಕ್ಕೆಯ ಒಳಗೇ ಬಂತು. ಹಾಗಾಗಿ ರೆಕ್ಕೆಯ ಕೆಳಗೆ ಸಾಮಾನು ತೂಗುಹಾಕುವ ನಾಲ್ಕು ಪೈಲಾನ್‌ಗಳು ಬಾಂಬು, ರಾಕೆಟ್‌ಗಳಿಗೆ ಬಿಡುವಾದವು. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ಅಜೀತ್ ನೋಡಿ ಬಂದು, ಅದರ ಫೋಟೋ ಇಟ್ಟುಕೊಂಡು 1965ರ ನ್ಯಾಟ್ ಕಟ್ಟಿದರೆ ಹತ್ತು ವರ್ಷದ ತಪ್ಪು ಆಗುತ್ತದೆ.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ನ್ಯಾಟ್ ಅನ್ನುವ ಜಾತಿಯನ್ನು ಕಟ್ಟುವುದಕ್ಕೆ ಆಗುವುದಿಲ್ಲ. ಕಟ್ಟುವುದಕ್ಕೆ ಆಗುವುದು ಒಂದು ವಿಮಾನವನ್ನು, ಅದೂ ಒಂದು ದಿನ ಅದು ಇದ್ದ ಹಾಗೆ. 1965ರ ಸೆಪ್ಟೆಂಬರ್ 3 ಅಂದುಕೊಳ್ಳಿ. 23ನೇ ಸ್ಕ್ವಾಡ್ರನ್ನಿನ ಟ್ರೆವರ್ ಕೀಲರ್ ಪಾಕಿಸ್ತಾನದ ಸೇಬರ್ ಫೈಟರ್ ಮೇಲೆ ಗುಂಡು ಹಾರಿಸಿ, ಆ ಯುದ್ಧದಲ್ಲಿ ನಮ್ಮ ಮೊದಲ ವಾಯು ಗೆಲುವಿನ ಹೆಸರು ಪಡೆದ ದಿನ. ಅದೇ ದಿನ ಇನ್ನೊಂದು ನ್ಯಾಟ್ ಪಾಕಿಸ್ತಾನದ ಪಸ್ರೂರಿನಲ್ಲಿ ಇಳಿಯಿತು. ಐಇ1083 ಸಂಖ್ಯೆಯ ಆ ವಿಮಾನ ಇಂದಿಗೂ ಕರಾಚಿಯ ಮ್ಯೂಸಿಯಂನಲ್ಲಿದೆ. ಅಥವಾ 1971ರ ಡಿಸೆಂಬರ್ 14 ತೆಗೆದುಕೊಳ್ಳಿ. ಶ್ರೀನಗರದ ಮೇಲೆ ಸೇಬರ್‌ಗಳು ಎರಗಿದಾಗ 18ನೇ ಸ್ಕ್ವಾಡ್ರನ್ನಿನ ನಿರ್ಮಲ್ ಜಿತ್ ಸಿಂಗ್ ಸೆಖೋಂ ಎದುರಿಸಲು ಮೇಲೆದ್ದರು, ತಿರುಗಿ ಬರಲಿಲ್ಲ. ವಾಯುಪಡೆಗೆ ಪರಮ ವೀರ ಚಕ್ರ ತಂದುಕೊಟ್ಟದ್ದು ಅವರೊಬ್ಬರೇ.

ದಿನ ಗೊತ್ತುಮಾಡಿಕೊಂಡರೆ ಪ್ರಶ್ನೆಗಳು ತಾವಾಗಿಯೇ ಸಣ್ಣದಾಗುತ್ತವೆ. ಆ ದಿನ ಮೈಗೆ ಬೆಳ್ಳಿ ಬಣ್ಣವಿತ್ತೋ, ಹಸಿರು ಪಟ್ಟೆಯ ಮರೆಬಣ್ಣ ಬಳಿದಿದ್ದರೋ? ರೆಕ್ಕೆಯ ಕೆಳಗೆ ಇಂಧನದ ಟ್ಯಾಂಕ್ ಇತ್ತೋ ಇಲ್ಲವೋ? ಬಾಲದ ಮೇಲೆ ಏನು ಬರೆದಿತ್ತು? ಡಬ್ಬಿಯ ಮೇಲಿನ ಚಿತ್ರ ನಂಬಬೇಡಿ. ಅದೇ ದಿನದ ಆಸುಪಾಸಿನ ಫೋಟೋ ಹುಡುಕಿ. ಒಂದೇ ಒಂದು ಕಪ್ಪು-ಬಿಳುಪು ಫೋಟೋ ಸಿಕ್ಕರೂ ಸಾಕು, ಹತ್ತು ಬಣ್ಣದ ಚಿತ್ರಕ್ಕಿಂತ ಅದು ಮೇಲು. ಒಂದು ಬದಿಯ ಫೋಟೋ ಮಾತ್ರ ಸಿಕ್ಕಿದರೆ ಇನ್ನೊಂದು ಬದಿಯನ್ನು ಊಹಿಸುವ ಬದಲು, ಮಾಡೆಲ್ ಇಡುವಾಗ ಗೊತ್ತಿರುವ ಬದಿಯನ್ನು ಮುಂದಕ್ಕೆ ಮಾಡಿ ಇಡಿ.

ಮ್ಯೂಸಿಯಂ ವಿಮಾನ ಆಕಾರ ತಿಳಿಯುವುದಕ್ಕೆ ಒಳ್ಳೆಯ ಗುರು. ಬಣ್ಣದ ವಿಷಯದಲ್ಲಿ ಮಾತ್ರ ಅದನ್ನು ಕೇಳಬೇಡಿ. ಬಿಸಿಲು ಮಳೆಯಲ್ಲಿ ನಿಂತ ವಿಮಾನಕ್ಕೆ ಎಷ್ಟೋ ಸಲ ಹೊಸ ಬಣ್ಣ ಬಳಿದಿರುತ್ತಾರೆ. ಟೈರುಗಳಲ್ಲಿ ಗಾಳಿ ಇರುವುದಿಲ್ಲ. ಕಾಲುಗಳು ಕುಸಿದಿರುತ್ತವೆ. ತೂತುಗಳನ್ನು ಮುಚ್ಚಿರುತ್ತಾರೆ.

ಫೋಟೋ ತೆಗೆಯುವಾಗ ಒಂದು ವಿಷಯ ನೆನಪಿಡಿ. ಮೊಬೈಲ್ ಹಿಡಿದು ಮೂಗಿನ ಹತ್ತಿರ ನಿಂತು ಕ್ಲಿಕ್ಕಿಸಿದರೆ ಮೂಗು ಊದಿಕೊಂಡು, ಬಾಲ ಸಣ್ಣಗಾಗಿ ಕಾಣುತ್ತದೆ. ಆ ಫೋಟೋ ನೋಡಿ ಕಿಟ್‌ನ ಮೂಗು ಸರಿಯಿಲ್ಲ ಅಂತ ಉಜ್ಜಿ ಹಾಳು ಮಾಡಿದವರಿದ್ದಾರೆ. ಆದಷ್ಟು ದೂರ ಹೋಗಿ ನಿಲ್ಲಿ. ಜೂಮ್ ಮಾಡಿ. ಪಕ್ಕದಿಂದ, ಎದುರಿನಿಂದ, ಹಿಂದಿನಿಂದ ನೇರವಾಗಿ ತೆಗೆಯಿರಿ. ಸಣ್ಣ ಭಾಗ ತೆಗೆಯುವಾಗ ಚೌಕಟ್ಟಿನೊಳಗೆ ಒಂದು ಅಡಿಕೋಲು ಬರುವಂತೆ ನೋಡಿಕೊಳ್ಳಿ. ಇದೆಲ್ಲ ಮ್ಯೂಸಿಯಂನಲ್ಲಿ, ಅವರ ನಿಯಮ ಕೇಳಿಕೊಂಡು ಮಾಡುವ ಕೆಲಸ. ವಾಯುನೆಲೆಯ ಬೇಲಿ ಹತ್ತಿರ ಕ್ಯಾಮೆರಾ ತೆಗೆಯಲೇಬೇಡಿ.

ಸರಿಯಾದ ಕಿಟ್ ಇದೆ, ದಿನವೂ ಗೊತ್ತಾಯಿತು. ಆದರೂ ಏನೋ ಸರಿಯಿಲ್ಲ ಅನ್ನಿಸಿದರೆ? ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ತಪ್ಪು ನಿಲುವಿನಲ್ಲಿ ಇರುತ್ತದೆ. ಸಣ್ಣ ರಿವೆಟ್ ಬಿಟ್ಟುಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ರೆಕ್ಕೆ ಒಂದು ಕಡೆ ಒಂದು ಮಿಲಿಮೀಟರ್ ಮೇಲಿದ್ದರೆ ವಿಮಾನದ ಗಂಧವಿಲ್ಲದವರಿಗೂ ಗೊತ್ತಾಗುತ್ತದೆ. ನ್ಯಾಟ್‌ನ ರೆಕ್ಕೆ ಬೆನ್ನಿನ ಎತ್ತರದಲ್ಲಿ ಕೂತು, ತುದಿಯ ಕಡೆಗೆ ಸ್ವಲ್ಪ ಕೆಳಗೆ ಬಾಗುತ್ತದೆ. ಈ ಬಾಗು ಎರಡೂ ಕಡೆ ಒಂದೇ ಸಮ ಬರಬೇಕು. ಸ್ಪೆಷಲ್ ಹಾಬಿಯವರದಂಥ ಕಿಟ್‌ಗಳು ಸಣ್ಣ ಸಂಖ್ಯೆಯಲ್ಲಿ ತಯಾರಾಗುವುದರಿಂದ ಭಾಗಗಳನ್ನು ಜೋಡಿಸಲು ಮೊಳೆಯಂಥ ಗುರುತುಗಳೂ ಇರುವುದಿಲ್ಲ. ಎದುರಿನ ನೋಟದ ನಕ್ಷೆಯನ್ನು 1/72ಕ್ಕೆ ಪ್ರಿಂಟ್ ತೆಗೆದು, ದಪ್ಪ ರಟ್ಟಿನ ಮೇಲೆ ಅಂಟಿಸಿ, ರೆಕ್ಕೆಯ ಕೆಳ ಅಂಚಿನಂತೆ ಕತ್ತರಿಸಿಕೊಳ್ಳಿ. ಅದರ ಮೇಲೆ ಮಾಡೆಲ್ ಕೂರಿಸಿ ಅಂಟು ಒಣಗಲು ಒಂದು ರಾತ್ರಿ ಬಿಡಿ.

ನ್ಯಾಟ್ ನೆಲಕ್ಕೆ ಹತ್ತಿರ ಕೂರುವ ವಿಮಾನ. ಬಾಲದ ತುದಿವರೆಗೆ ಎತ್ತರ 2.46 ಮೀಟರ್ ಅಷ್ಟೇ. ಮಾಡೆಲ್‌ನಲ್ಲಿ ಅದು 34 ಮಿಲಿಮೀಟರ್. ಕಾಲುಗಳನ್ನು ಎರಡು ಮಿಲಿಮೀಟರ್ ಉದ್ದ ಬಿಟ್ಟರೂ ಆ ಕುಳ್ಳ, ಗಟ್ಟಿ ನಿಲುವು ಹೋಗಿಬಿಡುತ್ತದೆ. ಮುಖ್ಯ ಚಕ್ರಗಳು ರೆಕ್ಕೆಯೊಳಗೆ ಅಲ್ಲ, ಹೊಟ್ಟೆಯೊಳಗೆ ಮಡಚಿಕೊಳ್ಳುತ್ತವೆ. ಆ ಬಾಗಿಲುಗಳನ್ನೇ ಹಾರಾಟದಲ್ಲಿ ಸ್ವಲ್ಪ ತೆರೆದು ವೇಗ ತಗ್ಗಿಸುವ ಬ್ರೇಕಿನಂತೆ ಬಳಸುತ್ತಿದ್ದರು. ಆದ್ದರಿಂದ ಬಾಗಿಲುಗಳನ್ನು ಹೇಗೋ ಅಂಟಿಸಿ ಮುಗಿಸಬೇಡಿ, ಫೋಟೋ ನೋಡಿ ಕೋನ ಹಿಡಿಯಿರಿ. ಮೂರು ಚಕ್ರದ ಮಾಡೆಲ್ ಹಿಂದಕ್ಕೆ ವಾಲಿ ಬಾಲದ ಮೇಲೆ ಕೂರುವ ಸಂಭವವೂ ಇದೆ. ಮೂಗಿನೊಳಗೆ ಮೀನಿನ ಗಾಳದ ಸೀಸದ ಗುಂಡು ಅಂಟಿಸಿ, ಮೈಯ ಎರಡು ಹೋಳು ಮುಚ್ಚುವ ಮೊದಲೇ ಟೇಪು ಸುತ್ತಿ ಪರೀಕ್ಷಿಸಿ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ.

ಇನ್ನು ದಪ್ಪದ ಲೆಕ್ಕ. 1/72ರಲ್ಲಿ ಒಂದು ಮಿಲಿಮೀಟರ್ ಅಂದರೆ ನಿಜದಲ್ಲಿ 7.2 ಸೆಂಟಿಮೀಟರ್. ಕಿಟ್‌ನ ರೆಕ್ಕೆಯ ಹಿಂಬದಿ ಅಂಚು ಅರ್ಧ ಮಿಲಿಮೀಟರ್ ದಪ್ಪವಿದ್ದರೆ ನಿಜದ ಲೆಕ್ಕದಲ್ಲಿ ಅದು 3.6 ಸೆಂಟಿಮೀಟರ್. ಜೆಟ್ ವಿಮಾನದ ರೆಕ್ಕೆ ಅಷ್ಟು ಮೊಂಡಾಗಿ ಮುಗಿಯುವುದಿಲ್ಲ. ರೆಕ್ಕೆಯ ಎರಡು ಹೋಳುಗಳ ಒಳಮೈಯನ್ನು ಅಂಟಿಸುವ ಮೊದಲೇ ವಾಟರ್ ಪೇಪರ್ ಮೇಲೆ ಉಜ್ಜಿ ತೆಳುವಾಗಿಸಿ. ಇದೊಂದು ಕೆಲಸ ಮಾಡಿದರೆ ಆಟಿಕೆ ಕಳೆ ಅರ್ಧಕ್ಕರ್ಧ ಹೋಗುತ್ತದೆ. ವಿಮಾನದ ಮೈಯ ಲೋಹದ ಹಲಗೆಗಳ ನಡುವಿನ ಗೆರೆಗಳಿಗೂ ಇದೇ ಲೆಕ್ಕ. ಕಿಟ್‌ನಲ್ಲಿ 0.2 ಮಿಲಿಮೀಟರ್ ಅಗಲದ ಗೆರೆ ನಿಜದಲ್ಲಿ ಒಂದೂವರೆ ಸೆಂಟಿಮೀಟರ್ ಬಿರುಕಾಗುತ್ತದೆ. ಅದಕ್ಕೆ ಕಪ್ಪು ಬಣ್ಣ ತುಂಬಿ ಎದ್ದು ಕಾಣಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ತಿಳಿ ಬೂದು ಸಾಕು. ಎಷ್ಟೋ ಕಡೆ ಅದೂ ಬೇಡ.

ನ್ಯಾಟ್‌ನ ಎರಡು 30 ಮಿಲಿಮೀಟರ್ ಏಡನ್ ತೋಪುಗಳು ಗಾಳಿ ಎಳೆದುಕೊಳ್ಳುವ ಬಾಯಿಗಳ ಹೊರ ಅಂಚಿನಲ್ಲಿ, ಒಂದು ಕಡೆಗೊಂದರಂತೆ ಕೂತಿರುತ್ತವೆ. ಕಿಟ್‌ಗಳಲ್ಲಿ ಇಂಥ ಜಾಗ ಬರೀ ಒಂದು ತಗ್ಗಾಗಿ ಉಳಿದುಬಿಡುವುದುಂಟು. 30ನ್ನು 72ರಿಂದ ಭಾಗಿಸಿದರೆ 0.42 ಮಿಲಿಮೀಟರ್. ಮೆಡಿಕಲ್ ಅಂಗಡಿಯಲ್ಲಿ ಸಿಗುವ 22 ಗೇಜ್ ಸೂಜಿಯ ಒಳಗಿನ ತೂತು ಹೆಚ್ಚುಕಡಿಮೆ ಅಷ್ಟೇ ಇದೆ. ಹೊಸ ಸೂಜಿ ತಂದು, ಅರದಿಂದ ಸುತ್ತಲೂ ಗೀರಿ ಮುರಿಯಿರಿ. ಕಟ್ಟರ್ ಹಾಕಿದರೆ ತುದಿ ಚಪ್ಪಟೆಯಾಗುತ್ತದೆ. ಅಂಚಿಗೆ ಸಮನಾಗಿ ಒಳಗೆ ಕೂರಿಸಿ. ಐದು ರೂಪಾಯಿಯ ಸಾಮಾನು, ಆದರೆ ಮುಂದಿನಿಂದ ನೋಡಿದಾಗ ಇದು ಫೈಟರ್ ಅನ್ನುವುದು ಆ ಎರಡು ತೂತುಗಳಿಂದಲೇ ತಿಳಿಯುತ್ತದೆ.

ಬೆಳ್ಳಿ ಬಣ್ಣದ ಬಗ್ಗೆ ಎರಡು ಮಾತು. ಬೇರೆ ಬಣ್ಣ ತಪ್ಪು ಮುಚ್ಚುತ್ತದೆ, ಬೆಳ್ಳಿ ಎತ್ತಿ ತೋರಿಸುತ್ತದೆ. ಪುಟ್ಟಿ ಹಾಕಿದ ಜಾಗ, ಉಜ್ಜಿದ ಗೀರು, ಬೆರಳಿನ ಅಚ್ಚು ಎಲ್ಲವೂ ಕಾಣುತ್ತದೆ. 400ರಿಂದ ಶುರುಮಾಡಿ 2000ದ ವಾಟರ್ ಪೇಪರ್‌ವರೆಗೆ ನೀರು ಹಾಕಿ ಉಜ್ಜಿ. ಮೇಲೆ ಹೊಳೆಯುವ ಕಪ್ಪು ಬಣ್ಣ ಹೊಡೆಯಿರಿ. ಅದು ಕನ್ನಡಿಯಂತೆ ಬಂದ ಮೇಲೆಯೇ ಬೆಳ್ಳಿಯನ್ನು ತೆಳುವಾಗಿ, ಎರಡು ಮೂರು ಸಲ ಏರ್‌ಬ್ರಷ್‌ನಿಂದ ಹೊಡೆಯಿರಿ. ಇಡೀ ಮೈಗೆ ಒಂದೇ ಬೆಳ್ಳಿ ಬೇಡ. ಎಂಜಿನ್ನಿನ ಬಿಸಿ ತಾಗುವ ಬಾಲದ ಕಡೆ ಸ್ವಲ್ಪ ಮಂಕಾಗಿರಲಿ. ಡೆಕಾಲ್, ಅಂದರೆ ಗುರುತುಗಳ ತೆಳು ಅಚ್ಚು, ಅಂಟಿಸುವ ಮೊದಲು ಹೊಳಪಿನ ವಾರ್ನಿಷ್ ಇರಲೇಬೇಕು. ಇಲ್ಲದಿದ್ದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬಿಳಿ ಪೊರೆ ಕಾಣುತ್ತದೆ. ನಮ್ಮ ವೃತ್ತದಲ್ಲಿ ಕೇಸರಿ ಹೊರಗೆ, ಹಸಿರು ನಡುವೆ. ಕಿಟ್‌ನ ಕೇಸರಿ ಕೆಂಪಿಗೆ ತಿರುಗಿದ್ದರೆ ಬೇರೆ ಡೆಕಾಲ್ ಹುಡುಕಿ. ಕಣ್ಣು ಮೊದಲು ಹೋಗುವುದು ಅಲ್ಲಿಗೇ ಅಲ್ವಾ?

ಕೊನೆಗೆ, ನೀವು ಈಗಾಗಲೇ ಕಟ್ಟಿರುವ ಮಾಡೆಲ್. ಅದು ಟಿ.1 ಆಗಿದ್ದರೆ ಎಸೆಯಬೇಡಿ. ನನ್ನದರ ಬಣ್ಣವನ್ನು ಪೂರ್ತಿ ಕಿತ್ತು, ಅದು ನಿಜವಾಗಿ ಏನೋ ಅದನ್ನೇ ಮಾಡಿದೆ. ಈಗ ಅದು ಕೆಂಪು ಬಣ್ಣದ ರೆಡ್ ಆ್ಯರೋಸ್ ವಿಮಾನ. ಅದರ ಪಕ್ಕದಲ್ಲಿ ಬೆಳ್ಳಿಯ ಎಫ್.1 ಇದೆ. ರೆಕ್ಕೆಯಲ್ಲಿ ಎಂಟು ಮಿಲಿಮೀಟರ್ ಚಿಕ್ಕದು, ಒಂದೇ ಸೀಟು. ಅದನ್ನು ಮುಗಿಸಿದ ದಿನ ಪಕ್ಕದ ಮನೆಗೆ ಒಯ್ದು ಆ ಹಿರಿಯರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೊದಲು ನೋಡಿದ್ದು ಗಾಳಿ ಬಾಯಿಯ ಅಂಚಿನ ಆ ತೂತುಗಳನ್ನು.