ಬಾಡಿಗೆ ನೆಲದ ಮೇಲೆ ಕಟ್ಟಿದ ತರಗತಿ

ದಾವಣಗೆರೆಯ ಕಾಲೇಜುಗಳಲ್ಲಿ ಈಗ ವಿಆರ್ ಲ್ಯಾಬ್, ಮೆಟಾವರ್ಸ್ ಎಂಬ ಮಾತು ಜೋರಾಗಿದೆ. ಅಂದರೆ ಕಂಪ್ಯೂಟರಿನೊಳಗೆ ಕಟ್ಟಿದ, ನಾವೇ ಒಳಗೆ ಹೊಕ್ಕು ಓಡಾಡಬಹುದಾದ ಜಗತ್ತು. ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡರೆ ಸಾಕು, ಪಾಠವೂ ಕೇಳಬಹುದು, ವ್ಯಾಪಾರವೂ ಮಾಡಬಹುದು ಅನ್ನುತ್ತಾರೆ. ಆದರೆ ಇದು ಹೊಸ ಮಾತೇನಲ್ಲ.

1978ರಲ್ಲೇ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಹುಡುಗರು ಬರೀ ಅಕ್ಷರಗಳಲ್ಲಿ ಹೀಗೊಂದು ಜಗತ್ತು ಕಟ್ಟಿದ್ದರು. ಭಾರೀ ಸುದ್ದಿಯಾಗಿದ್ದು ಮಾತ್ರ 2003ರಲ್ಲಿ ಶುರುವಾದ ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಜಗತ್ತು. ಅಲ್ಲಿ ನಿಮ್ಮದೊಂದು ಗೊಂಬೆ ಓಡಾಡುತ್ತದೆ, ಜಾಗ ಕೊಳ್ಳುತ್ತದೆ, ಅಂಗಡಿ ಇಡುತ್ತದೆ. ಲಿಂಡೆನ್ ಡಾಲರ್ ಎಂಬ ಅಲ್ಲಿಯ ದುಡ್ಡನ್ನು ನಿಜವಾದ ಡಾಲರಿಗೆ ಬದಲಿಸಿಕೊಳ್ಳಬಹುದು. 2006ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಅಲ್ಲೊಂದು ಸುದ್ದಿಮನೆ ತೆರೆಯಿತು. 2007ರಲ್ಲಿ ಸ್ವೀಡನ್ ರಾಯಭಾರ ಕಚೇರಿಯನ್ನೇ ತೆರೆಯಿತು.

ವಿಶ್ವವಿದ್ಯಾಲಯಗಳೂ ಪಾಠ ಮಾಡಲು ಅಲ್ಲಿಗೆ ಹೋದವು. 256 ಮೀಟರ್ ಉದ್ದ, ಅಷ್ಟೇ ಅಗಲದ ಒಂದು ದ್ವೀಪಕ್ಕೆ ಆಗ ತಿಂಗಳಿಗೆ 295 ಡಾಲರ್ ಬಾಡಿಗೆ ಇತ್ತು. ಶಿಕ್ಷಣ ಸಂಸ್ಥೆಗಳಿಗೆ ಅದರಲ್ಲಿ ಅರ್ಧ. 2010ರಲ್ಲಿ ಆ ರಿಯಾಯಿತಿ ನಿಲ್ಲಿಸುವುದಾಗಿ ಸೆಕೆಂಡ್ ಲೈಫ್ ಕಂಪನಿಯಿಂದ ಘೋಷಣೆ ಬಂತು. ಎಷ್ಟೋ ಮೇಷ್ಟ್ರುಗಳು ಗಂಟುಮೂಟೆ ಕಟ್ಟಿದರು. 2013ರಲ್ಲಿ ರಿಯಾಯಿತಿ ವಾಪಸ್ ಬಂತು, ಆದರೆ ಬಿಟ್ಟು ಹೋದವರು ಅಷ್ಟು ಸುಲಭಕ್ಕೆ ಮರಳುತ್ತಾರಾ?

ನಾನು ಹತ್ತಿರದಿಂದ ಕಂಡಿದ್ದು 2020ರ ಲಾಕ್‌ಡೌನ್ ದಿನಗಳನ್ನು. ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳುವವನು ನಾನು. ಲ್ಯಾಬಿಗೆ ಬೀಗ ಬಿದ್ದಿತ್ತು. ಅಮೃತ ವಿಶ್ವವಿದ್ಯಾಪೀಠ ಮತ್ತು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮಾಡಿದ ಓಲ್ಯಾಬ್ಸ್ ಎಂಬ ಉಚಿತ ಆನ್‌ಲೈನ್ ಪ್ರಯೋಗಾಲಯ ಆಗ ಕೈ ಹಿಡಿಯಿತು. ಹೆಡ್‌ಸೆಟ್ ಬೇಡ, ಗೊಂಬೆಯೂ ಬೇಡ. ಜಗಳೂರು ಕಡೆಯ ಹುಡುಗಿಯೊಬ್ಬಳು ಸಿಗ್ನಲ್ಲಿಗಾಗಿ ಮಾಳಿಗೆ ಹತ್ತಿ, ಅಪ್ಪನ ಮೊಬೈಲಿನಲ್ಲೇ ಟೈಟ್ರೇಶನ್ ಮಾಡುತ್ತಿದ್ದಳು. ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ಬದಲಾದ ಕೂಡಲೇ ನಿಲ್ಲಿಸಿ ಅಳೆಯುವ ಪ್ರಯೋಗ ಅದು. ತಪ್ಪಾದರೆ ಮತ್ತೆ ಮೊದಲಿಂದ. ಆಸಿಡ್ ಚೆಲ್ಲುವ ಭಯವಿಲ್ಲ, ಗಾಜು ಒಡೆದರೆ ಬೈಯುವವರಿಲ್ಲ. ನಾಚಿಕೆ ಸ್ವಭಾವದ ಮಕ್ಕಳಿಗೆ ಇದು ಎಷ್ಟು ದೊಡ್ಡದು ಅಂತ ಆಗಲೇ ನನಗೆ ಗೊತ್ತಾಗಿದ್ದು.

ಮುಂದೆ ಲ್ಯಾಬ್ ತೆರೆಯಿತು. ಅದೇ ಹುಡುಗಿಗೆ ಕ್ರಮವೆಲ್ಲ ಬಾಯಿಪಾಠ: ಆಕ್ಸಾಲಿಕ್ ಆಸಿಡ್ ಬಿಸಿ ಮಾಡಬೇಕು, ಪರ್ಮಾಂಗನೇಟ್ ಬಣ್ಣ ಗಾಢ ಇರುವುದರಿಂದ ಬ್ಯುರೆಟ್‌ನಲ್ಲಿ, ಅಂದರೆ ಹನಿ ಬಿಡುವ ಗಾಜಿನ ಅಳತೆ ಕೊಳವೆಯಲ್ಲಿ, ದ್ರವದ ಮೇಲಿನ ಅಂಚಿನ ಅಳತೆ ಓದಬೇಕು. ಆದರೆ ಬ್ಯುರೆಟ್ ತಿರುಪು ಹಿಡಿದ ಕೈ ನಡುಗಿತು. ತಿಳಿ ಗುಲಾಬಿಗೆ ನಿಲ್ಲಬೇಕಾದದ್ದು ಕಡುಗುಲಾಬಿಗೆ ಹೋಯಿತು. ಬೆರಳೆಲ್ಲ ಕಂದು ಕಲೆ. ಮೂರನೇ ಸಲಕ್ಕೆ ಸರಿಯಾಗಿ ಒಂದೇ ಹನಿಗೆ ನಿಲ್ಲಿಸಿದಳು. ಪರದೆಯ ಅಭ್ಯಾಸ ಇಲ್ಲದಿದ್ದರೆ ಇದಕ್ಕೆ ಇನ್ನೂ ಜಾಸ್ತಿ ಹೊತ್ತು ಹಿಡಿಯುತ್ತಿತ್ತು. ಬರೀ ಪರದೆಯನ್ನೇ ನಂಬಿದ್ದರೆ ಆ ಕೈ ಪಳಗುತ್ತಲೇ ಇರಲಿಲ್ಲ.

ವ್ಯಾಪಾರದಲ್ಲೂ ಹಾಗೇ ಆಯಿತು. ಲಾಕ್‌ಡೌನಿನಲ್ಲಿ ಪರಿಚಯದ ಬಟ್ಟೆ ಅಂಗಡಿಯವರು ವಿಡಿಯೋ ಕಾಲಿನಲ್ಲಿ ಸೀರೆ ತೋರಿಸುತ್ತಿದ್ದರು. 'ಸೆರಗು ಬಿಸಿಲಿಗೆ ಹಿಡೀರಿ ಅಣ್ಣಾ' ಎನ್ನುತ್ತಿದ್ದರು ಗಿರಾಕಿಗಳು. ಅಂಗಡಿ ಬಾಗಿಲು ತೆರೆದ ಮೇಲೆ ಬಟ್ಟೆ ಮುಟ್ಟಿ ನೋಡಲು ಬಂದೇ ಬಂದರು.

2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನೇ ಮೆಟಾ ಎಂದು ಬದಲಿಸಿತು. ಮೆಟಾವರ್ಸ್ ಎಂಬ ಪದ ನಮ್ಮೂರಿಗೂ ಬಂತು. 2023ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್‌ನ ಆಲ್ಟ್‌ಸ್ಪೇಸ್‌ವಿಆರ್ ಮುಚ್ಚಿತು. ಇಂಥದ್ದೇ ಜಗತ್ತಿನೊಳಗೆ ಜನ ಸೇರಿ ಸಭೆ ನಡೆಸುತ್ತಿದ್ದ ಜಾಗ ಅದು.

ಮೊನ್ನೆ ನಮ್ಮ ಸ್ಟಾಫ್ ಮೀಟಿಂಗಿನಲ್ಲಿ ಹೆಡ್‌ಸೆಟ್‌ಗಳ ಕೊಟೇಶನ್ ಎಲ್ಲರ ಕೈಗೂ ಬಂತು. ಲೈಸೆನ್ಸ್ ಮೂರು ವರ್ಷಕ್ಕೆ. ಅದು ಮುಗಿದ ಮೇಲೆ ನಾವು ಮಾಡಿಟ್ಟ ಪಾಠಗಳು ನಮ್ಮ ಬಳಿ ಉಳಿಯುತ್ತವಾ ಅಂತ ಕೇಳಿದೆ. ಬರೆದು ಕೊಡಿ ಅಂತಲೂ ಹೇಳಿದ್ದೇನೆ. ಉತ್ತರ ಬಂದ ಮೇಲೆ ಸಹಿ ಹಾಕೋಣ ಎಂದು ಪ್ರಾಂಶುಪಾಲರು ಫೈಲ್ ತೆಗೆದಿಟ್ಟಿದ್ದಾರೆ.