ಮೆಟಾಸ್ಕೋರ್: ಒಂದೇ ಬ್ಯಾಟ್‌ಮ್ಯಾನ್‌ಗೆ 87, 70

2015ರ ಜೂನ್ 23ರಂದು ಬಂದ ‘ಬ್ಯಾಟ್‌ಮ್ಯಾನ್: ಆರ್ಕಮ್ ನೈಟ್’ ಗೇಮ್‌ನ ಮೆಟಾಸ್ಕೋರ್ ಪ್ಲೇಸ್ಟೇಷನ್ 4ರಲ್ಲಿ 87, ಪಿಸಿಯಲ್ಲಿ 70. ಕಥೆ, ಊರು, ಹೊಡೆದಾಟ ಯಾವುದೂ ಬೇರೆಯಲ್ಲ. ಹಾಗಿದ್ದರೆ ಈ 17 ಅಂಕ ಎಲ್ಲಿ ಹೋಯಿತು?

ಮೆಟಾಸ್ಕೋರ್ ಎಂದರೆ ವಿಮರ್ಶಕರ ಅಂಕಗಳ ಸರಾಸರಿ. 2001ರಲ್ಲಿ ಶುರುವಾದ ಮೆಟಾಕ್ರಿಟಿಕ್ ತಾಣ ಪ್ರತಿ ವಿಮರ್ಶೆಯ ಅಂಕವನ್ನೂ ನೂರಕ್ಕೆ ಪರಿವರ್ತಿಸುತ್ತದೆ. ಹತ್ತಕ್ಕೆ ಎಂಟು ಕೊಟ್ಟರೆ 80, ಐದರಲ್ಲಿ ಮೂರು ನಕ್ಷತ್ರ ಕೊಟ್ಟರೆ 60. ಅಕ್ಷರದ ಗ್ರೇಡ್‌ ಬಂದಾಗ ಲೆಕ್ಕ ತುಸು ಒರಟು: ‘ಬಿ ಮೈನಸ್’ ಎಂದರೆ 67. ಆಮೇಲೆ ಕೆಲವು ಪ್ರಕಟಣೆಗಳ ಅಂಕಕ್ಕೆ ಹೆಚ್ಚು ತೂಕ, ಕೆಲವಕ್ಕೆ ಕಡಿಮೆ. ಯಾರಿಗೆ ಎಷ್ಟು ಎಂಬುದನ್ನು ತಾಣ ಬಿಟ್ಟುಕೊಡುವುದಿಲ್ಲ, ಹಾಗಾಗಿ ನಾವೇ ಕೂಡಿ ಭಾಗಿಸಿದರೆ ಅದೇ ಸಂಖ್ಯೆ ಬರಬೇಕೆಂದಿಲ್ಲ. ಕನಿಷ್ಠ ನಾಲ್ಕು ವಿಮರ್ಶೆ ಸೇರುವವರೆಗೆ ಅಂಕವೇ ಕಾಣಿಸದು.

ಅಂಕದ ಜೊತೆ ಕಾಣುವ ಬಣ್ಣ ನೋಡಿ ಮೋಸಹೋಗುವವರೇ ಹೆಚ್ಚು. ಗೇಮ್‌ಗಳಿಗೆ 75ರಿಂದ ಮೇಲೆ ಹಸಿರು, 50ರಿಂದ 74ರವರೆಗೆ ಹಳದಿ, ಅದಕ್ಕಿಂತ ಕೆಳಗೆ ಕೆಂಪು. ಸಿನಿಮಾಗಳಿಗೆ ಮಾತ್ರ 61ಕ್ಕೇ ಹಸಿರು ಶುರು. ಅಂದರೆ 70 ಬಂದ ಸಿನಿಮಾ ಚೆನ್ನಾಗಿದೆ, 70 ಬಂದ ಗೇಮ್ ಅಷ್ಟಕ್ಕಷ್ಟೆ. ಗೇಮ್ ವಿಮರ್ಶಕರು ಅಂಕಪಟ್ಟಿಯ ಕೆಳ ಅರ್ಧವನ್ನು ಮುಟ್ಟುವುದೇ ಅಪರೂಪ; ಆ ಧಾರಾಳತನಕ್ಕೆ ಹೊಂದಿಸಿದ ಗೆರೆ ಇದು.

ಇನ್ನು ಆರ್ಕಮ್ ನೈಟ್. ಮೆಟಾಸ್ಕೋರ್ ಗೇಮ್‌ಗೆ ಒಂದಲ್ಲ, ಪ್ಲಾಟ್‌ಫಾರ್ಮ್‌ಗೊಂದು, ಅಂದರೆ ಗೇಮ್ ಓಡುವ ಯಂತ್ರದ ಬಗೆಗೊಂದು. ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಸಿಕ್ಕಿದ್ದು ಪ್ಲೇಸ್ಟೇಷನ್ 4ರ ಪ್ರತಿ. ಅವರು ಆಡಿದ್ದು ರಾಕ್‌ಸ್ಟೆಡಿ ಸ್ಟುಡಿಯೊ ಸ್ವತಃ ಕಟ್ಟಿದ, ಸಲೀಸಾಗಿ ಓಡುವ ಆವೃತ್ತಿ; ದೂರು ಬಹುಪಾಲು ಬ್ಯಾಟ್‌ಮೊಬೈಲ್ (ಬ್ಯಾಟ್‌ಮ್ಯಾನ್‌ನ ಕಾರು) ಟ್ಯಾಂಕ್ ಕಾಳಗ ಅತಿಯಾಯಿತು ಎಂಬುದರ ಬಗ್ಗೆ. ಪಿಸಿ ಆವೃತ್ತಿಯ ಕೆಲಸ ಮಾತ್ರ ಐರನ್ ಗ್ಯಾಲಕ್ಸಿ ಎಂಬ ಹೊರಗಿನ ಸ್ಟುಡಿಯೊಗೆ ಹೋಗಿತ್ತು. ಅದರಲ್ಲಿ ಫ್ರೇಮ್‌ರೇಟನ್ನು, ಅಂದರೆ ತೆರೆಯ ಮೇಲೆ ಮೂಡುವ ಚಿತ್ರಗಳ ಸಂಖ್ಯೆಯನ್ನು, ಸೆಕೆಂಡಿಗೆ 30ಕ್ಕೆ ಕಟ್ಟಿಹಾಕಲಾಗಿತ್ತು. ಬಿಡಿಸಲು ಸೆಟ್ಟಿಂಗ್ಸ್ ಫೈಲನ್ನು ಕೈಯಾರೆ ತಿದ್ದಬೇಕು. ತಿದ್ದಿದರೂ ಬ್ಯಾಟ್‌ಮೊಬೈಲ್ ಓಡಿಸುವಾಗ ತಡವರಿಕೆ. ಮಳೆಯ ಕೆಲವು ಎಫೆಕ್ಟ್‌ಗಳೂ ನಾಪತ್ತೆ. ಬಿಡುಗಡೆಯಾದ ಮರುದಿನವೇ ಪ್ರಕಾಶಕ ಸಂಸ್ಥೆ ವಾರ್ನರ್ ಬ್ರದರ್ಸ್ ಪಿಸಿ ಮಾರಾಟ ನಿಲ್ಲಿಸಿತು. ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್ ಹಣ ವಾಪಸಿಯ ನಿಯಮ ತಂದು ಆಗಿನ್ನೂ ಒಂದು ತಿಂಗಳೂ ಆಗಿರಲಿಲ್ಲ, ಜನ ಅದನ್ನು ಚೆನ್ನಾಗಿಯೇ ಬಳಸಿಕೊಂಡರು.

ಅಕ್ಟೋಬರ್ 28ಕ್ಕೆ ಗೇಮ್ ಮತ್ತೆ ಮಾರಾಟಕ್ಕೆ ಬಂತು. ಅಂಕ ಮೇಲೇರಲಿಲ್ಲ. ಪ್ರಕಟಣೆಯೊಂದು ಮೊದಲು ಕೊಟ್ಟ ಅಂಕವನ್ನಷ್ಟೇ ಮೆಟಾಕ್ರಿಟಿಕ್ ಲೆಕ್ಕಕ್ಕೆ ಹಿಡಿಯುತ್ತದೆ. ಆಮೇಲೆ ತಿದ್ದಿದರೆ ಒಪ್ಪುವುದಿಲ್ಲ. ಪ್ರಕಾಶಕರು ಒತ್ತಡ ಹಾಕಿ ಅಂಕ ಏರಿಸದಿರಲೆಂದು ಮಾಡಿದ ನಿಯಮ, ಸರಿಯಾದದ್ದೇ. ಆದರೆ ಪ್ಯಾಚ್ (ದೋಷ ತಿದ್ದುವ ಅಪ್‌ಡೇಟ್) ಬಂದು ಸುಧಾರಿಸಿದ ಗೇಮ್‌ಗೂ ಮೊದಲ ವಾರದ ಅಂಕವೇ ಗಟ್ಟಿ. 2020ರ ‘ಮಾರ್ವೆಲ್ಸ್ ಅವೆಂಜರ್ಸ್’ ವರ್ಷಗಟ್ಟಲೆ ಹೊಸ ಹೀರೋಗಳನ್ನೂ ಮಿಷನ್‌ಗಳನ್ನೂ ಸೇರಿಸಿಕೊಂಡು ಬೆಳೆಯಬೇಕಾಗಿದ್ದ ಗೇಮ್. ಅದರ ಅಂಕವೂ ಆರಂಭದ ಸ್ಥಿತಿಯದ್ದೇ.

ಪಕ್ಕದಲ್ಲೇ ಹತ್ತಕ್ಕೆ ಇಷ್ಟು ಎಂದು ಕಾಣುವುದು ಯೂಸರ್ ಸ್ಕೋರ್. ಅದು ಮೆಟಾಸ್ಕೋರ್ ಲೆಕ್ಕಕ್ಕೆ ಸೇರದು. ಗೇಮ್ ಕೊಳ್ಳದವರೂ ಸೊನ್ನೆ ಒತ್ತಬಹುದಾದ್ದರಿಂದ ಸಿಟ್ಟಿನ ಅಲೆ ಬಂದಾಗ ಅದು ಕುಸಿಯುತ್ತದೆ. ಇದನ್ನೇ ರಿವ್ಯೂ ಬಾಂಬಿಂಗ್ ಎನ್ನುವುದು. 2020ರಲ್ಲಿ ಮೆಟಾಕ್ರಿಟಿಕ್‌ನವರು ಗೇಮ್ ಬಿಡುಗಡೆಯ ನಂತರ 36 ಗಂಟೆ ಬಳಕೆದಾರರ ವಿಮರ್ಶೆಗೆ ತಡೆ ಹಾಕಿದರು. ಆವೇಶ ತುಸು ಇಳಿಯಬಹುದು, ಕೊಂಡವರು ಯಾರೆಂದು ಗೊತ್ತಾಗದು.

ಹಳೆಯ ಗೇಮ್ ಕೊಳ್ಳುವಾಗ ಮೊದಲು ನಿಮ್ಮ ಪ್ಲಾಟ್‌ಫಾರ್ಮ್‌ನ ಪುಟಕ್ಕೇ ಹೋಗಿ, ಅಲ್ಲಿ ಎಷ್ಟು ವಿಮರ್ಶೆಗಳಿವೆ ಎಂದು ನೋಡಿ: ಹತ್ತರ ಸರಾಸರಿಯನ್ನು ಒಂದೇ ಕಡು ಟೀಕೆ ಎಳೆದು ಕೆಳಗಿಳಿಸುತ್ತದೆ, ಎಂಬತ್ತರದ್ದನ್ನು ಅಲುಗಿಸಲಾರದು. ಪಿಸಿಯವರು ಸ್ಟೀಮ್‌ನಲ್ಲಿ ಕಳೆದ 30 ದಿನಗಳ ವಿಮರ್ಶೆಯನ್ನೂ ನೋಡಲಿ, ಪ್ಯಾಚ್ ಫಲ ಕೊಟ್ಟಿದೆಯೇ ಎಂಬುದು ಗೊತ್ತಾಗುವುದು ಅಲ್ಲೇ.